ಲಾಂಚು ನಿಂತ ಮೇಲೆ ತುಮರಿ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಹೊರಟ ರಸ್ತೆ ಹೊಳೆಬಾಗಿಲಿನಲ್ಲಿ ನೀರಿಗೆ ಇಳಿದು ಮುಗಿಯುತ್ತಿತ್ತು. ಮುಂದೆ ರಸ್ತೆ ಕಾಣುವುದು ತುಮರಿಯಿರುವ ಆಚೆ ದಡದಲ್ಲಿ. ನಡುವಿನ ಎರಡು ಕಿಲೋಮೀಟರಿಗೂ ಹೆಚ್ಚಿನ ಶರಾವತಿ ಹಿನ್ನೀರನ್ನು ದಾಟಿಸಲು ಲಾಂಚು ಬರಬೇಕಿತ್ತು. ಬಸ್ಸು, ಜೀಪು, ಹಾಲಿನ ಕ್ಯಾನಿನ ಬೈಕು, ಅಡಿಕೆ ಮೂಟೆ ಹೊತ್ತ ಪಿಕಪ್ಪು ಎಲ್ಲವೂ ಹಿಮ್ಮುಖವಾಗಿಯೋ ಮುಮ್ಮುಖವಾಗಿಯೋ ಅದರ ಕಬ್ಬಿಣದ ಹಲಗೆ ಹತ್ತಬೇಕಿತ್ತು. ಹಲಗೆ ಮೇಲೆ ಚಕ್ರ ಏರಿದಾಗ ಇಡೀ ಲಾಂಚು ಒಂದು ಕಡೆಗೆ ವಾಲಿ ಧಡಾರ್ ಎನ್ನುತ್ತಿತ್ತು. ಹೊಸಬರು ಆಗ ಕಂಬಿ ಹಿಡಿದುಕೊಳ್ಳುತ್ತಿದ್ದರು, ಊರಿನವರು ಎಲೆ-ಅಡಿಕೆಯ ಸಂಚಿ ಬಿಚ್ಚುತ್ತಿದ್ದರು. ಯಾರು ಪ್ರವಾಸಿ, ಯಾರು ಹೊಳೆಯಾಚೆಯವರು ಎಂದು ತಿಳಿಯಲು ಅಷ್ಟು ಸಾಕಿತ್ತು.

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಎಂದೂ ಸಿಗಂದೂರು ಸೇತುವೆ ಎಂದೂ ಕರೆಯುವ, ಕೇಬಲ್ಲುಗಳ ಮೇಲೆ ನಿಂತ ಈ ಸೇತುವೆಗೆ 400 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಗಿದೆ. ಟಿವಿಯವರು ಡ್ರೋನ್ ಹಾರಿಸಿ ತೋರಿಸಿದರು, ಮಳೆಯಲ್ಲೂ ಜನ ನಡೆದು ದಾಟಿದರು. ಆರು ದಶಕದ ಕನಸು ನನಸು ಎಂಬ ತಲೆಬರಹ ಎಲ್ಲ ಕಡೆ ಬಂತು. ತಪ್ಪೇನಿಲ್ಲ. ಆದರೆ ಈ ಜನಕ್ಕೆ ಸೇತುವೆಯ ಕನಸು ಬೀಳುವಂತೆ ಮಾಡಿದ್ದು ಯಾವುದು ಎಂಬ ಕಡೆಗೆ ಆ ತಲೆಬರಹ ತಿರುಗಲಿಲ್ಲ. ತುಮರಿ ಹುಟ್ಟಾ ದ್ವೀಪವಲ್ಲ. ಅದನ್ನು ದ್ವೀಪದಂತೆ ಮಾಡಲಾಯಿತು.

ಅಣೆಕಟ್ಟುಗಳು ಏಳುವ ಮುಂಚೆ ಶರಾವತಿ ದೋಣಿಯಲ್ಲಿ ದಾಟುವ ಹೊಳೆ. ಬೇಸಿಗೆಯಲ್ಲಿ ಕೆಲವು ಕಡೆ ನಡೆದೇ ದಾಟಬಹುದಿತ್ತು. ಕಣಿವೆಯ ತಗ್ಗಿನಲ್ಲಿ ಗದ್ದೆ, ಅದರ ಮಗ್ಗುಲಿಗೆ ಅಡಿಕೆ ತೋಟ, ಮೇಲೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ. ಜೋಗದ ನೀರಿನಿಂದ ಕರೆಂಟು ತೆಗೆಯುವ ಕೆಲಸ ಶುರುವಾದ ಮೇಲೆ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. ಕೆಲವು ಊರುಗಳಿಗೆ ನೀರು ಬಂದದ್ದು ಆಗಲೇ. ಬೆಂಗಳೂರು ಬೆಳೆಯಿತು, ಕಾರ್ಖಾನೆಗಳು ಬಂದವು, ಇದ್ದ ಕರೆಂಟು ಸಾಲದಾಯಿತು. 1964ರ ಹೊತ್ತಿಗೆ ಕೆಳಗಡೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಅದರ ಪೂರ್ಣ ಮಟ್ಟ 1819 ಅಡಿ. ನೀರು ತುಂಬಿದಾಗ ಮುಳುಗುವ ನೆಲ 300 ಚದರ ಕಿಲೋಮೀಟರಿಗೂ ಹೆಚ್ಚು. ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೇ ಹೊಸ ಅಣೆಕಟ್ಟಿನ ನೀರು ನುಂಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಈಗಲೂ ಮೇಲೆದ್ದು ನಿಲ್ಲುತ್ತದೆ, ಕಟ್ಟೆಯ ಮೇಲೆ ಓಡಾಡಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಸಾಗರ, ಹೊಸನಗರದ ಕಡೆ ‘ಮುಳುಗಡೆ’ ಎಂದರೆ ಒಂದು ಘಟನೆಯ ಹೆಸರಲ್ಲ, ಒಂದು ಜನದ ಹೆಸರು. ‘ಅವರು ಮುಳುಗಡೆಯವರು’ ಎಂದರೆ ಬೇರೆ ವಿವರ ಬೇಕಿಲ್ಲ. ನೀರು ಏರುವ ಮುಂಚೆ ಹೆಂಚು, ಮಾಡಿನ ಪಕಾಸಿ, ಬಾಗಿಲು ಬಿಚ್ಚಿಕೊಂಡು ಲಾರಿಗಳಲ್ಲಿ ಹೊರಟವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಲಾಯಿತು. ಕಾಡು ಕಡಿದು ಗದ್ದೆ ಮಾಡಿಕೊಳ್ಳಿ ಎಂಬುದು ಆಗಿನ ಪುನರ್ವಸತಿ. ಇನ್ನು ಕೆಲವರು ದೂರ ಹೋಗದೆ ನೀರು ಏರಿದಂತೆ ತಾವೂ ಗುಡ್ಡ ಏರಿದರು. ತುಮರಿ, ಬ್ಯಾಕೋಡು, ಕುದರೂರು, ಚನ್ನಗೊಂಡದ ಕರೂರು ಸೀಮೆಯಲ್ಲಿ ಇಂದು ಇರುವವರಲ್ಲಿ ಹೀಗೆ ಮೇಲೆ ಹತ್ತಿ ಉಳಿದವರ ಮಕ್ಕಳು ಮೊಮ್ಮಕ್ಕಳು ಬಹಳ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ತಂಟೆಗಳ ಬೇರು ಅದರಲ್ಲಿದೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳ ಅದು. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಎಂಬ ದೂರು ಬೆಳೆದು, ಉಳುವವನೇ ಒಡೆಯನಾಗಬೇಕು ಎಂಬಲ್ಲಿಗೆ ಹೋಗಿ ನಿಂತಿತು. ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಸಮಾಜವಾದಿಗಳ ಹಿರಿಯ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳಿದ ಕರ್ನಾಟಕಕ್ಕೆ ಇದರ ಫಲ ಸಿಕ್ಕಿದ್ದು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಯಾದಾಗ. ಲಿಂಗನಮಕ್ಕಿಗೆ ನೀರು ತುಂಬಿದ್ದು ಅದಕ್ಕೆ ಹತ್ತು ವರ್ಷ ಮೊದಲು.

ಆ ಹತ್ತು ವರ್ಷದ ಅಂತರವೇ ಎಲ್ಲ. ಮುಳುಗಿದ ಗದ್ದೆ ಉಳುತ್ತಿದ್ದವರಲ್ಲಿ ಅನೇಕರು ಗೇಣಿದಾರರು, ಅದರಲ್ಲೂ ದೀವರ ಸಮುದಾಯದವರು. ಪಹಣಿಯಲ್ಲಿ ಹೆಸರಿದ್ದದ್ದು ಒಡೆಯರದ್ದು. ಪರಿಹಾರ ಕಾಗದ ನೋಡಿ ಬರುತ್ತದೆಯೇ ಹೊರತು ನೇಗಿಲು ನೋಡಿ ಬರುವುದಿಲ್ಲ. ಇನ್ನೊಂದು ದಶಕ ನೆಲ ಮೇಲಿದ್ದಿದ್ದರೆ ಅವರು ತಮ್ಮದೇ ಹೆಸರಿನ ಭೂಮಿ ಕಳೆದುಕೊಳ್ಳುತ್ತಿದ್ದರು, ಕಳೆದುಕೊಂಡದ್ದಕ್ಕೆ ಲೆಕ್ಕವಾದರೂ ಇರುತ್ತಿತ್ತು. ಸಾಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ಉಳುವವರು ಒಡೆಯರಾದರು, ಇನ್ನೊಂದು ಮೂಲೆಯಲ್ಲಿ ಉಳುವವರ ಕೈಲಿ ನೇಗಿಲೂ ಉಳಿಯಲಿಲ್ಲ.

ಕಾಡಿನಲ್ಲಿ ಇಳಿದವರ ಕಥೆ ಇನ್ನೂ ತೊಡಕಾಯಿತು. ಅವರಿಗೆ ಕೊಟ್ಟ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೆ ಅಧಿಸೂಚನೆಗಳನ್ನು ಹೊರಡಿಸಿತು, ಹಕ್ಕುಪತ್ರಗಳನ್ನೂ ಹಂಚಿತು. 2021ರಲ್ಲಿ ಹೈಕೋರ್ಟು ಅವು ನಿಲ್ಲುವುದಿಲ್ಲ ಎಂದಿತು. ಅಜ್ಜ ಸರ್ಕಾರದ ಲಾರಿಯಲ್ಲಿ ಬಂದು ಇಳಿದ ಜಾಗದಲ್ಲಿ ಮೊಮ್ಮಗ ಒತ್ತುವರಿದಾರ. ಅತ್ತ ಹಿನ್ನೀರಿನ ಸುತ್ತ ಉಳಿದವರ ಮಗ್ಗುಲಿನ ಕಾಡು 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವೆಂದು ಘೋಷಣೆಯಾಯಿತು. ಸಿಂಗಳೀಕವೆಂಬ ಅಪರೂಪದ ಕೋತಿಗೆ ಈ ಕಾಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ನೀರು, ಹಿಂದೆ ಅಭಯಾರಣ್ಯ ಎಂದಾಗ ಒಂದು ರಸ್ತೆಗೆ ಜಲ್ಲಿ ಹಾಕಲೂ ಒಂದು ಲೈನು ಎಳೆಯಲೂ ಯಾವುದೋ ಇಲಾಖೆಯ ಬಾಗಿಲು ಕಾಯಬೇಕು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದರ ನೀರಿನಂಚಿನ ಕೊಪ್ಪಗಳಲ್ಲಿ ಬಹುಕಾಲ ಉರಿದದ್ದು ಸೀಮೆಎಣ್ಣೆ ಬುಡ್ಡಿ. ಈಚೆಗೆ ಮೊಬೈಲ್ ಸಿಗ್ನಲ್ಲಿನ ಸರದಿ. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂಬ ಕೂಗು ಎದ್ದದ್ದು ಇದೇ ಭಾಗದಲ್ಲಿ.

ಇಷ್ಟೆಲ್ಲದರ ನಡುವೆ ಊರು ಮಾತ್ರ ಊರಾಗಿಯೇ ಇತ್ತು. ತುಮರಿ ಪೇಟೆ ಎಂದರೆ ರಸ್ತೆಯ ಎರಡು ಬದಿಯ ಅಂಗಡಿ, ಸೊಸೈಟಿ, ಶಾಲೆ, ಕಾಲೇಜು, ಆಸ್ಪತ್ರೆ. ಸುತ್ತಲ ಹಳ್ಳಿಗಳಿಗೆ ಅದೇ ಪಟ್ಟಣ. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ದೀವರ ಮನೆಗಳಿಂದ ಚಿತ್ತಾರ ಬರೆದ ಬುಟ್ಟಿ ಹೊತ್ತು ಗದ್ದೆಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಹೋಗುತ್ತಾರೆ. ಅಂಚಿಗೆ ಗೆರೆ, ಒಳಗೆ ಅಕ್ಕಿಹಿಟ್ಟಿನ ಬಿಳಿ, ನೆಲ ಕೆಮ್ಮಣ್ಣು. ಮುಳುಗಿದ ಗದ್ದೆಗೆ ಚರಗ ಚೆಲ್ಲುವ ಹಾಗಿಲ್ಲ. ಮೇಲಿನದಕ್ಕೇ ಚೆಲ್ಲಬೇಕು.

ಸೇತುವೆ ಬರುವವರೆಗೆ ದಿನದ ಲೆಕ್ಕವೆಲ್ಲ ಲಾಂಚಿನ ಲೆಕ್ಕವಾಗಿತ್ತು. ಮದುವೆ ಮುಹೂರ್ತ ಮಧ್ಯಾಹ್ನವಾದರೆ ಆಚೆಯ ನೆಂಟರು ಊಟ ಮುಗಿಸಿ ಕೈ ಒರೆಸುತ್ತಲೇ ಎದ್ದು ಹೊರಡುವುದು, ಸಂಜೆಯ ಕೊನೆ ಲಾಂಚು ತಪ್ಪಿದರೆ ಸಾಗರದಲ್ಲೇ ಉಳಿಯುವುದು. ರಾತ್ರಿ ಹೆರಿಗೆ ನೋವು ಬಂದರೆ, ಎದೆ ಹಿಡಿದುಕೊಂಡರೆ? ಕೋಗಾರು, ಕಾರ್ಗಲ್ ಸುತ್ತಿ ಘಾಟಿ ರಸ್ತೆಯಲ್ಲಿ ಹೋಗಬೇಕಿತ್ತು, ಇಲ್ಲವೇ ಲಾಂಚಿನವರನ್ನು ಎಬ್ಬಿಸಬೇಕಿತ್ತು. ಬೇಸಿಗೆಯ ತಕರಾರು ಬೇರೆ. 2023ರಲ್ಲಿ ಮಳೆ ತಡವಾಗಿ ನೀರು ತೀರ ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು. ಕೆಸರಿನ ದಡ ಇಳಿದು ಜನ ಮಾತ್ರ ದಾಟಬಹುದಿತ್ತು, ಗೊಬ್ಬರದ ಚೀಲ ದಾಟುತ್ತಿರಲಿಲ್ಲ.

ಹಾಗಾದರೆ ಅರವತ್ತು ವರ್ಷ ಬಾರದ ಸೇತುವೆ ಈಗ ಹೇಗೆ ಬಂತು? ಊರಿನವರು ಕೇಳಿದ್ದು, ಧರಣಿ ಕೂತದ್ದು, ಮನವಿ ಕೊಟ್ಟದ್ದು ಸುಳ್ಳಲ್ಲ. ನನ್ನ ಅಂದಾಜಿನಲ್ಲಿ ಅದರಷ್ಟೇ ಕೆಲಸ ಮಾಡಿದವಳು ಇದೇ ಹೊಳೆಯಾಚೆಯ ಸಿಗಂದೂರಿನ ದೇವಿ ಚೌಡೇಶ್ವರಿ. ‘ಈ ತೋಟಕ್ಕೆ ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಬೋರ್ಡನ್ನು ಮಲೆನಾಡಿನಲ್ಲಿ ನೋಡದವರಿಲ್ಲ. ಅಡಿಕೆ ಕದಿಯುವವನು ಪೊಲೀಸರಿಗೆ ಹೆದರದಿದ್ದರೂ ಆ ತಗಡಿಗೆ ಹೆದರುತ್ತಾನೆ ಎಂಬ ನಂಬಿಕೆ. ಒಂದು ಕಾಲಕ್ಕೆ ಹಿನ್ನೀರಿನಂಚಿನ ಚಿಕ್ಕ ಗುಡಿಯಾಗಿದ್ದದ್ದು ಕೆಲವೇ ದಶಕದಲ್ಲಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಮೂಲ ಸ್ಥಾನವಾದ ಸೀಗೆ ಕಣಿವೆಯಿಂದ ಸಂಕ್ರಾಂತಿಯಂದು ಜ್ಯೋತಿ ತರುವ ಜಾತ್ರೆಗೆ ಸಾವಿರಾರು ಜನ. ಶನಿವಾರ ಭಾನುವಾರ ಹೊಳೆಬಾಗಿಲಿನಲ್ಲಿ ಕಾರುಗಳ ಸಾಲು ಗುಡ್ಡ ಹತ್ತುತ್ತಿತ್ತು. ಊರಿನವರು ತಮ್ಮ ಲಾಂಚಿಗೆ ತಾವೇ ಸರದಿ ಕಾಯುವಂತಾಯಿತು. ಆಮೇಲೆ ರಸ್ತೆ ರಾಷ್ಟ್ರೀಯ ಹೆದ್ದಾರಿ 369ಇ ಆಯಿತು, ಕೊಲ್ಲೂರಿಗೆ ಹತ್ತಿರದ ದಾರಿ ಎಂಬ ಲೆಕ್ಕ ಬಂತು, ದೆಹಲಿಯಿಂದ ಹಣ ಬಂತು. ಊರಿನವರಿಗೆಂದು ಕೇಳಿದಾಗ ಸಿಗದ್ದು ಭಕ್ತರಿಗೆಂದು, ಹೆದ್ದಾರಿಗೆಂದು ಕೇಳಿದಾಗ ಸಿಕ್ಕಿತು. ತುಮರಿಯವರು ಇದನ್ನು ಬೇಸರದಿಂದೇನೂ ಹೇಳುವುದಿಲ್ಲ, ನಗುತ್ತಲೇ ಹೇಳುತ್ತಾರೆ: ನಮಗೆ ಸಂಕ (ಸೇತುವೆ) ಹಾಕಿಸಿದ್ದು ಅಮ್ಮ.

ಶರಾವತಿಯ ಮೇಲಿನ ಕಣ್ಣು ಮಾತ್ರ ಮುಚ್ಚಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟಿಗೆ ಬೇಡಿಕೆ ಹೆಚ್ಚಿದ್ದಾಗ ನೀರು ಬಿಟ್ಟು ಕರೆಂಟು ತೆಗೆದು, ಕರೆಂಟು ಅಗ್ಗವಿದ್ದಾಗ ಅದೇ ನೀರನ್ನು ಮೇಲೆತ್ತುವ ಲೆಕ್ಕ ಅದು. ಸುರಂಗ ಕೊರೆಯುವುದು ಸಿಂಗಳೀಕದ ಕಾಡಿನ ಕೆಳಗೆ. ಬೇಲಿಯೊಳಗೆ ಗುದ್ದಲಿ ಹಾಕಿದ್ದಕ್ಕೆ ಅರಣ್ಯ ಇಲಾಖೆಯ ನೋಟಿಸು ಕಂಡ ರೈತರಿಗೆ ಇದು ಹೇಗೆ ಕೇಳಿಸಬಹುದು, ಊಹಿಸುವುದು ಕಷ್ಟವಲ್ಲ.

ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವವರನ್ನೇ ನಂಬಿ ಕಟ್ಟಿದ ಚಹಾದಂಗಡಿಗಳಿದ್ದವು. ಮಂಡಕ್ಕಿ, ಬೋಂಡ, ಒಂದು ಬೆಂಚು. ಸೇತುವೆ ಮೇಲೆ ಹೋಗುವ ಕಾರಿಗೆ ನಿಲ್ಲಲು ಕಾರಣವಿಲ್ಲ. ನಿಂತರೂ ನಡುಸೇತುವೆಯಲ್ಲಿ, ಸೆಲ್ಫಿಗೆ. ತುಮರಿಯಿಂದ ಸಾಗರ ಈಗ ಒಂದು ಗಂಟೆಯೊಳಗಿನ ಮಾತು. ಕಾಲೇಜಿನ ಹುಡುಗಿಯರು ಸಂಜೆ ಮನೆಗೆ ಬರುತ್ತಾರೆ, ಆಂಬುಲೆನ್ಸು ರಾತ್ರಿಯೂ ದಾಟುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿ, ಹಳೆ ರಸೀದಿ, ಅಜ್ಜನ ಕಾಲದ ಪರಿಹಾರದ ಚೀಟಿ ಇಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೋಗುವವರೂ ಬೆಳಗಿನ ಬಸ್ಸಿಗೇ ಹೋಗಿ, ಮುಂದಿನ ತಿಂಗಳು ಬನ್ನಿ ಎನ್ನಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ.