ಜಿಲ್ಲೆ ದಾಟುವ ರೋಗಿ, ದಾಟದ ವರದಿ

ಉತ್ತರ ಕನ್ನಡದಲ್ಲಿ ದೊಡ್ಡ ಕಾಯಿಲೆ ಬಂದರೆ ಒಂದೇ ಆಸ್ಪತ್ರೆಯಲ್ಲಿ ಮುಗಿಯುವುದು ಕಡಿಮೆ. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳ-ಹೊನ್ನಾವರದವರು ಮಣಿಪಾಲಕ್ಕೋ ಮಂಗಳೂರಿಗೋ. ಒಂದು ಊರಲ್ಲಿ ಕೊಟ್ಟ ಇಂಜೆಕ್ಷನ್ನಿನ ತೊಂದರೆ ಇನ್ನೊಂದು ಊರಲ್ಲಿ ಕಾಣಿಸಿಕೊಳ್ಳಬಹುದು. ಆ ಸುದ್ದಿ ಮೊದಲ ಆಸ್ಪತ್ರೆಗೆ ತಲುಪದಿದ್ದರೆ ಅದೇ ತಪ್ಪು ಇನ್ನೊಬ್ಬರಿಗೂ ಆಗಬಹುದು, ಅಲ್ವಾ?

ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನೇ ನೋಡಿ. ನೀರಿನಷ್ಟೇ ತಿಳಿ. ತೆಳು ಮಾಡದೆ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು. ಸಲೈನ್ ಎಂದುಕೊಂಡು ಇದನ್ನು ಕೊಟ್ಟ ಘಟನೆ ಒಂದು ಆಸ್ಪತ್ರೆಯಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಆಗುತ್ತದೆ. ನರ್ಸನ್ನು ಬೈದು ಫೈಲು ಮುಚ್ಚುತ್ತಾರೆ. ಹತ್ತಾರು ಆಸ್ಪತ್ರೆಗಳ ವರದಿ ಒಟ್ಟಿಗೆ ಇಟ್ಟಾಗ ಮಾತ್ರ ಗೊತ್ತಾಗುತ್ತದೆ: ಎಲ್ಲ ಕಡೆಯೂ ಎರಡೂ ಬಾಟಲಿ ಒಂದೇ ಕಪಾಟಿನಲ್ಲಿದ್ದವು. 2002ರಲ್ಲಿ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ, ಗಟ್ಟಿ ಪೊಟ್ಯಾಸಿಯಂ ದ್ರಾವಣವನ್ನು ಸಾಮಾನ್ಯ ವಾರ್ಡುಗಳಿಂದ ತೆಗೆಯಿರಿ ಎಂದಿತು.

ನಮ್ಮ ದೇಶದಲ್ಲೂ ಕೆಲಸ ಶುರುವಾಗಿದೆ. ಔಷಧದ ಅಡ್ಡಪರಿಣಾಮದ ವರದಿಗಳು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಕ್ಕೆ ಹೋಗುತ್ತವೆ. ಅದರ ಕೇಂದ್ರ ಈಗ ಗಾಜಿಯಾಬಾದಿನಲ್ಲಿದೆ. ಅಲ್ಲಿಂದ ಅವು ಸ್ವೀಡನ್ನಿನ ಉಪ್ಸಲಾದ ಜಾಗತಿಕ ಸಂಗ್ರಹ ಸೇರುತ್ತವೆ. ರಕ್ತ ಕೊಟ್ಟಾಗ ಆಗುವ ತೊಂದರೆಗೆ 2012ರಲ್ಲಿ, ವೈದ್ಯಕೀಯ ಉಪಕರಣಗಳಿಗೆ 2015ರಲ್ಲಿ ಬೇರೆ ಬೇರೆ ವ್ಯವಸ್ಥೆ ಬಂತು. ಆದರೆ ರೋಗಿ ಮಂಚದಿಂದ ಬಿದ್ದರೆ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೋದರೆ, ಅದು ಹೆಚ್ಚಾಗಿ ಆಯಾ ಆಸ್ಪತ್ರೆಯ ರಿಜಿಸ್ಟರಿನಲ್ಲೇ ಉಳಿಯುತ್ತದೆ.

ಇವೆಲ್ಲ ಒಟ್ಟಿಗೆ ಸೇರಬೇಕಾದರೆ ಫಾರಂ ಒಂದೇ ಥರ ಇರಬೇಕು. ಏನಾಯಿತು, ಯಾವಾಗ, ಎಲ್ಲಿ, ಯಾವ ಕಾರಣಕ್ಕೆ, ರೋಗಿಗೆ ಏನಾಯಿತು, ಆಮೇಲೆ ಏನು ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಇಂಥದೊಂದು ಚಿಕ್ಕ ಪಟ್ಟಿಯನ್ನು ಸಿದ್ಧಮಾಡಿದೆ. ತಾಲ್ಲೂಕು ಆಸ್ಪತ್ರೆಯೂ ತುಂಬಬಹುದಾದಷ್ಟು ಸರಳ.

ಕಷ್ಟ ಇರುವುದು ಭಯದಲ್ಲಿ. ಬರೆದವರಿಗೇ ಶಿಕ್ಷೆಯಾದರೆ ಯಾರು ಬರೆಯುತ್ತಾರೆ? ಅಮೆರಿಕದ ವಿಮಾನಯಾನದಲ್ಲಿ 1976ರಿಂದ ಇಂಥ ವರದಿಗಳು ನಾಸಾಗೆ ಹೋಗುತ್ತವೆ. ಪೈಲಟ್ಟಿಗೆ ದಂಡ ಹಾಕುವ ಅಧಿಕಾರ ನಾಸಾಗೆ ಇಲ್ಲ. ಅದು ಹೆಸರನ್ನೂ ಅಳಿಸುತ್ತದೆ. ನಮ್ಮ ಕಡೆ ಹೆಸರು ಅಳಿಸಿದರೆ ಮಾತ್ರ ಸಾಲದು. ಸಣ್ಣ ಊರಲ್ಲಿ ತಾರೀಕು, ವಾರ್ಡು, ರಾತ್ರಿ ಪಾಳಿ ಇಷ್ಟು ಹೇಳಿದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೊರಗೆ ಹೋಗುವ ವರದಿಯಲ್ಲಿ ತಾರೀಕಿನ ಬದಲು ತಿಂಗಳು, ಊರಿನ ಬದಲು ಜಿಲ್ಲೆ ಇದ್ದರೆ ಸಾಕು.

ಅಂದ ಹಾಗೆ, ಔಷಧದಿಂದ ತೊಂದರೆಯಾದರೆ ರೋಗಿಯ ಮನೆಯವರೂ 1800-180-3024ಕ್ಕೆ ಉಚಿತವಾಗಿ ಕರೆಮಾಡಿ ಹೇಳಬಹುದು.