ತಂಬಾಕು ಹಾಕಲ್ಲ, ಬರೀ ಎಲೆಅಡಿಕೆ. ಆದರೂ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ನನಗೆ 46 ವರ್ಷ. ಇಪ್ಪತ್ತು ವರ್ಷದಿಂದ ದಿನಕ್ಕೆ ಎಂಟು-ಹತ್ತು ಸಲ ಕವಳ ಹಾಕುತ್ತೇನೆ. ತಂಬಾಕು ಮುಟ್ಟಿದವನಲ್ಲ. ಈಚೆಗೆ ಸಾರು ಅನ್ನ ತಿಂದರೂ ಬಾಯಿ ಉರಿಯುತ್ತದೆ. ನೋವು ಮಾತ್ರ ಇಲ್ಲ. ಹೆದರಬೇಕಾ?

ಉತ್ತರ: ಹೆದರಿ ಕೂರಬೇಡಿ. ಈ ವಾರವೇ ದಂತವೈದ್ಯರಿಗೆ ಬಾಯಿ ತೋರಿಸಿ.

‘ತಂಬಾಕು ಹಾಕಲ್ಲ’ ಎಂಬ ಸಮಾಧಾನ ಮಲೆನಾಡು, ಕರಾವಳಿಯಲ್ಲಿ ತುಂಬ ಜನರಿಗಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ, ನಿಜ. ಆದರೆ ಅಡಿಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೊದಲ ಗುಂಪು ಅಂದರೆ ಪುರಾವೆ ಗಟ್ಟಿಯಾಗಿದೆ ಎಂದರ್ಥ. ಜಗಿದವರಿಗೆಲ್ಲ ಬರುತ್ತದೆ ಎಂದಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಮಗೆ ಈ ಮಾತು ಕಹಿ, ಗೊತ್ತು. ತೊಂಬತ್ತು ದಾಟಿದ ಅಜ್ಜ ಕೊನೇವರೆಗೂ ಕವಳ ಹಾಕುತ್ತಿದ್ದರು ಎಂಬ ಕಥೆ ಎಷ್ಟೋ ಮನೆಗಳಲ್ಲಿದೆ. ಐವತ್ತಕ್ಕೇ ಹೋದವರ ಕಥೆಯನ್ನು ಯಾರೂ ಜಗಲಿಯಲ್ಲಿ ಕೂತು ಹೇಳುವುದಿಲ್ಲ, ಅಷ್ಟೇ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಜಗಿದ ಮೇಲೆ ಸಿಗುವ ಚುರುಕು ಅದರದ್ದೇ. ಅದು ಜೊಲ್ಲಿನಲ್ಲಿ ಬೆರೆತಾಗ ನೈಟ್ರೋಸಮೈನ್‌ಗಳು ಹುಟ್ಟುತ್ತವೆ. ಇವು ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ದೇಹ ರಿಪೇರಿ ಮಾಡಿಕೊಳ್ಳುತ್ತದೆ. ಆದರೆ ಒಂದೇ ಜಾಗಕ್ಕೆ ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ ಪೆಟ್ಟು ಬಿದ್ದರೆ ಎಲ್ಲೋ ಒಂದು ಕೋಶ ಹದ ತಪ್ಪಿ ಬೆಳೆಯತೊಡಗಬಹುದು. ನಮ್ಮಲ್ಲಿ ಕೆನ್ನೆಯ ಒಳಭಾಗ, ಒಸಡಿನಲ್ಲಿ ಈ ರೋಗ ಜಾಸ್ತಿ. ಕವಳ ಒತ್ತರಿಸಿ ಇಟ್ಟುಕೊಳ್ಳುವುದು ಅಲ್ಲೇ ಅಲ್ವಾ?

ನೀವು ಹೇಳುವ ಉರಿಗೆ ಬೇರೆ ಕಾರಣವೂ ಇರಬಹುದು. ಆದರೆ ಅಡಿಕೆ ಜಗಿಯುವವರಲ್ಲಿ ಮೊದಲು ಅನುಮಾನಿಸಬೇಕಾದದ್ದು ಒಂದಿದೆ: ಬಾಯೊಳಗಿನ ಪದರದ ಕೆಳಗೆ ನಾರು ಬೆಳೆಯುವುದು. ಕೆನ್ನೆ ಮೆತ್ತಗಿನ ಗುಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ತೊಗಲಿನಂತೆ ಬಿಗಿಯುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ. ಕನ್ನಡಿ ಮುಂದೆ ಬಾಯಿ ಪೂರ್ತಿ ತೆರೆದು, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಸಾಮಾನ್ಯವಾಗಿ ಹಿಡಿಸುತ್ತದೆ. ಎರಡೇ ಹಿಡಿದರೆ ತಡ ಮಾಡಬೇಡಿ. ಜಗಿಯುವುದನ್ನು ಬಿಟ್ಟರೂ ಬೆಳೆದ ನಾರು ಪೂರ್ತಿ ಕರಗುವುದು ಕಷ್ಟ. ಆದರೆ ಬಿಟ್ಟರೆ ಕ್ಯಾನ್ಸರಿನ ಅಪಾಯ ತಗ್ಗುತ್ತದೆ.

ಇನ್ನು ನೋವಿನ ವಿಚಾರ. ಜನ ಮೋಸ ಹೋಗುವುದು ಇಲ್ಲೇ. ಮುಟ್ಟಿದರೆ ಕಣ್ಣಲ್ಲಿ ನೀರು ಬರಿಸುವ ಸಣ್ಣ ಬಾಯಿಹುಣ್ಣು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಕ್ಯಾನ್ಸರಿನ ಹುಣ್ಣು ಶುರುವಿನಲ್ಲಿ ಹೆಚ್ಚಾಗಿ ಸುಮ್ನೆ ಇರುತ್ತದೆ. ನೋವು ಬರುವ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಹಾಗಾಗಿ ಎರಡು ವಾರ ದಾಟಿದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಕಲೆ, ಅದಕ್ಕಿಂತಲೂ ಹೆಚ್ಚು ಅಪಾಯದ ಕೆಂಪು ಕಲೆ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಟ್ಟಿ ಗಂಟು, ಇವು ನೋಯದಿದ್ದರೂ ತೋರಿಸಬೇಕು.

ವೈದ್ಯರು ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸೋಣ ಎನ್ನಬಹುದು. ‘ಚಾಕು ತಾಗಿಸಿದರೆ ಹರಡುತ್ತೆ’ ಎಂದು ಯಾರಾದರೂ ತಡೆದಾರು. ಬಾಯಿಯ ಬಯಾಪ್ಸಿಯಿಂದ ರೋಗ ಹರಡುತ್ತದೆ ಎಂಬುದು ಸುಳ್ಳು. ಅದಿಲ್ಲದೆ ಖಚಿತವಾಗಿ ಹೇಳಲು ಆಗುವುದೂ ಇಲ್ಲ. ಬೇಗ ಸಿಕ್ಕಿದರೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೊಂದರಲ್ಲೇ ಮುಗಿಯುತ್ತದೆ.

ಹಾಂ, ಹೋಗುವಾಗ ದಾರಿಯಲ್ಲಿ ಕವಳ ಹಾಕಬೇಡಿ. ಬಾಯೆಲ್ಲ ಕೆಂಪಾಗಿದ್ದರೆ ವೈದ್ಯರಿಗೆ ಕಲೆ ಕಾಣುವುದು ಹೇಗೆ?