ಇಪ್ಪತ್ತು ಸಾವಿರ ಮಕ್ಕಳು, ಐವತ್ತು ಜೋಡಿ ಅವಳಿಗಳು

1930ರ ಫೆಬ್ರುವರಿಯಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಸೀಮೆಯ 67 ಶಾಲೆಗಳಿಗೆ ಹಾಲು ಬರತೊಡಗಿತು. ಒಂದು ಮಗುವಿಗೆ ದಿನಕ್ಕೆ ಮುಕ್ಕಾಲು ಪೈಂಟ್, ಅಂದರೆ ಸುಮಾರು 425 ಮಿಲಿಲೀಟರ್. 2013ರಲ್ಲಿ ಶುರುವಾದ ನಮ್ಮ ಕ್ಷೀರಭಾಗ್ಯದ 150 ಮಿಲಿಲೀಟರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು. ಐದು ಸಾವಿರ ಮಕ್ಕಳಿಗೆ ಹಸಿ ಹಾಲು, ಇನ್ನೈದು ಸಾವಿರಕ್ಕೆ ಪಾಶ್ಚರೀಕರಿಸಿದ ಹಾಲು. ಉಳಿದ ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ, ಅವರ ತೂಕ, ಎತ್ತರ ಮಾತ್ರ ಬರೆದುಕೊಳ್ಳುವುದು. ಜೂನ್ ತಿಂಗಳಲ್ಲಿ ಎಲ್ಲರನ್ನೂ ಮತ್ತೆ ತೂಗಿದರು. ಖರ್ಚಾದದ್ದು ಆಗಿನ ಕಾಲದ ಸುಮಾರು 7,500 ಪೌಂಡ್. ಹಾಲು ಕುಡಿದವರು ಹೆಚ್ಚು ಬೆಳೆದಿದ್ದಾರೆ, ಹಸಿ ಹಾಲಿಗೂ ಪಾಶ್ಚರೀಕರಿಸಿದ ಹಾಲಿಗೂ ವ್ಯತ್ಯಾಸವಿಲ್ಲ ಎಂದು ವರದಿ ಹೇಳಿತು.

ಇಪ್ಪತ್ತು ಸಾವಿರ ಮಕ್ಕಳು ಎಂದ ಮೇಲೆ ಯಾರು ತಾನೇ ಎದುರಾಡಿಯಾರು? ಒಬ್ಬ ಆಡಿದ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗೋಸೆಟ್. ಕಂಪನಿಯ ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವಂತಿರಲಿಲ್ಲವಾದ್ದರಿಂದ ಆತ ಬರೆಯುತ್ತಿದ್ದುದು ‘ಸ್ಟೂಡೆಂಟ್’ ಎಂಬ ಹೆಸರಲ್ಲಿ. ಎಂ.ಎಡ್. ಪ್ರಬಂಧ ಬರೆದವರಿಗೆಲ್ಲ ಆ ಹೆಸರು ಚಿರಪರಿಚಿತ: ಹುಡುಗರ ಸರಾಸರಿ ಇಷ್ಟು, ಹುಡುಗಿಯರ ಸರಾಸರಿ ಇಷ್ಟು, ಟಿ-ಮೌಲ್ಯ ಇಷ್ಟು, 0.05ರ ಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ ಎಂದು ನಾಲ್ಕನೆಯ ಅಧ್ಯಾಯದ ತುಂಬ ಕೋಷ್ಟಕಗಳನ್ನು ತುಂಬಿಸಲು ನಾವು ಬಳಸುವ ಟಿ-ಪರೀಕ್ಷೆ, ಅಂದರೆ ಎರಡು ಸರಾಸರಿಗಳ ಅಂತರ ಬರಿಯ ಆಕಸ್ಮಿಕವೋ ಅಲ್ಲವೋ ಎಂದು ಅಳೆಯುವ ಲೆಕ್ಕ, ಆತನದೇ, 1908ರದು. ಸಣ್ಣ ಮಾದರಿಗಳಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬುದನ್ನು ಲೆಕ್ಕ ಹಾಕಿಕೊಟ್ಟವನು 1931ರಲ್ಲಿ ಈ ಬೃಹತ್ ಮಾದರಿಯನ್ನು ಕೈಗೆತ್ತಿಕೊಂಡ.

ಅವನ ಆಕ್ಷೇಪ ಗಣಿತದ ಮೇಲಿರಲಿಲ್ಲ. ಯಾವ ಮಗುವಿಗೆ ಹಾಲು, ಯಾವ ಮಗುವಿಗೆ ಇಲ್ಲ ಎಂಬುದನ್ನು ತೀರ್ಮಾನಿಸಿದ್ದು ಹೇಗೆ ಎಂಬಲ್ಲಿ ಅವನ ಕಣ್ಣು ನಿಂತಿತು. ಮೊದಲಿಗೆ ಕೆಲವು ಶಾಲೆಗಳಲ್ಲಿ ಚೀಟಿ ಎತ್ತಿದ್ದರು, ಕೆಲವೆಡೆ ಅಕ್ಷರಾನುಕ್ರಮದಲ್ಲಿ ಹೆಸರು ಆರಿಸಿದ್ದರು. ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಒಂದು ಗುಂಪಿನಲ್ಲಿ ದಷ್ಟಪುಷ್ಟ ಮಕ್ಕಳೋ ಸೊರಗಿದ ಮಕ್ಕಳೋ ಅತಿಯಾಗಿ ಬಂದಿದ್ದಾರೆ ಅನ್ನಿಸಿದರೆ ಅದಲುಬದಲು ಮಾಡಿ ಸರಿದೂಗಿಸಬಹುದು ಎಂದು ಶಾಲೆಯವರಿಗೆ ಅವಕಾಶ ಕೊಟ್ಟಿದ್ದರು. ಕೆನ್ನೆ ಒಳಸರಿದ ಮಗು ಕಣ್ಣೆದುರು ನಿಂತಿರುವಾಗ ಯಾವ ಮೇಷ್ಟ್ರು ತಾನೇ ಹಾಲಿನ ಲೋಟವನ್ನು ಅನುಕೂಲಸ್ಥರ ಮಗನ ಕೈಗೆ ಕೊಟ್ಟಾರು? ಅದಲುಬದಲು ನಡೆದದ್ದು ಒಂದೇ ದಿಕ್ಕಿನಲ್ಲಿ. ಪ್ರಯೋಗ ಶುರುವಾಗುವ ಹೊತ್ತಿಗೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಪ್ರಯೋಗದ ಅವಧಿಯೇ ನಾಲ್ಕು ತಿಂಗಳು ಎಂಬುದನ್ನು ನೆನಪಿಟ್ಟುಕೊಳ್ಳಿ.

ಗೋಸೆಟ್ ಗಮನಿಸಿದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಮಕ್ಕಳನ್ನು ತೂಗಿದ್ದು ಬಟ್ಟೆಯ ಸಮೇತ. ಫೆಬ್ರುವರಿ ಅಲ್ಲಿ ಕೊರೆಯುವ ಚಳಿಗಾಲ, ಜೂನ್ ಬೇಸಿಗೆ. ಅನುಕೂಲಸ್ಥರ ಮಗು ಚಳಿಗೆ ಉಣ್ಣೆಯ ಮೇಲೆ ಉಣ್ಣೆ ಹೊದ್ದಿರುತ್ತದೆ, ಜೂನ್‌ನಲ್ಲಿ ತೆಳು ಅಂಗಿ ತೊಟ್ಟು ತಕ್ಕಡಿ ಹತ್ತುತ್ತದೆ. ಆ ಬಟ್ಟೆಗಳ ವ್ಯತ್ಯಾಸ ಅರ್ಧ ಕಿಲೋ ಎಂದಿಟ್ಟುಕೊಂಡರೆ, ಅದು ನಿಜವಾಗಿ ಒಂದು ಕಿಲೋ ಬೆಳೆದಿದ್ದರೂ ಲೆಕ್ಕಕ್ಕೆ ಸಿಗುವುದು ಅರ್ಧವೇ. ಬಡವರ ಮಗುವಿಗೆ ಕಳಚಿಡಲು ಹೆಚ್ಚಿನ ಬಟ್ಟೆಯೇ ಇಲ್ಲ. ಅದರ ಒಂದು ಕಿಲೋ ಒಂದು ಕಿಲೋ ಆಗಿಯೇ ದಾಖಲಾಗುತ್ತದೆ. ಬಡ ಮಕ್ಕಳು ಹಾಲಿನ ಗುಂಪಿನಲ್ಲಿ ಹೆಚ್ಚಿದ್ದುದರಿಂದ ಹಾಲಿನ ಪ್ರಭಾವದ ಜೊತೆಗೆ ಸ್ವೆಟರಿನ ಪ್ರಭಾವವೂ ಸೇರಿಹೋಯಿತು. ಅವೆರಡನ್ನು ಬೇರೆ ಮಾಡಿಕೊಡುವ ಸೂತ್ರ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಇಪ್ಪತ್ತು ಸಾವಿರದ ಬದಲು ಎರಡು ಲಕ್ಷ ಮಕ್ಕಳನ್ನು ತೂಗಿದ್ದರೂ ಸ್ವೆಟರು ಹಾಗೆಯೇ ಉಳಿಯುತ್ತಿತ್ತು.

ಅವನು ಕೊಟ್ಟ ಪರ್ಯಾಯ: ಶಾಲೆಗಳಲ್ಲಿರುವ ತದ್ರೂಪಿ ಅವಳಿ ಮಕ್ಕಳನ್ನು ಹುಡುಕಿ, ಪ್ರತಿ ಜೋಡಿಯಲ್ಲಿ ಯಾರಿಗೆ ಯಾವ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಒಂದೇ ಮನೆ, ಒಂದೇ ಊಟ, ಒಂದೇ ಬಗೆಯ ಬಟ್ಟೆ. ಐವತ್ತು ಜೋಡಿ ಸಿಕ್ಕರೆ ಸಾಕು, ಶೇ 1 ಅಥವಾ 2ರಷ್ಟು ಖರ್ಚಿನಲ್ಲಿ ಇದಕ್ಕಿಂತ ನಂಬಲರ್ಹ ಉತ್ತರ ಸಿಗುತ್ತದೆ ಎಂದು ಅವನು ಅಂದಾಜು ಮಾಡಿದ.

ಹಸಿ ಹಾಲು, ಪಾಶ್ಚರೀಕರಿಸಿದ ಹಾಲಿನ ಹೋಲಿಕೆಯಲ್ಲಿ ಇನ್ನೊಂದು ತೊಡಕಿತ್ತು. ಇಂದಿಗೂ ನಮ್ಮ ಶಿಕ್ಷಣ ಸಂಶೋಧನೆಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ಅದೇ. ಒಂದು ಶಾಲೆಗೆ ಒಂದೇ ಬಗೆಯ ಹಾಲು ಹೋಗುತ್ತಿತ್ತು. ಹಾಗಾಗಿ ಹೋಲಿಸಿದ್ದು ಐದು ಸಾವಿರ ಮಕ್ಕಳನ್ನು ಐದು ಸಾವಿರ ಮಕ್ಕಳೊಡನೆ ಅಲ್ಲ, ಕೆಲವು ಶಾಲೆಗಳನ್ನು ಬೇರೆ ಕೆಲವು ಶಾಲೆಗಳೊಡನೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದೇ ಪಾತ್ರೆಯಿಂದ ಮೂವತ್ತು ಅಗುಳು ತೆಗೆದು ಹಿಸುಕಿದರೂ ಪಕ್ಕದ ಒಲೆಯ ಅನ್ನದ ಬಗ್ಗೆ ಗೊತ್ತಾಗುವುದು ಏನೂ ಇಲ್ಲ. ಒಂದು ತರಗತಿಯ ಮಕ್ಕಳಿಗೆ ಗಣಿತದ ಮೇಷ್ಟ್ರು ಒಬ್ಬರೇ. ಅವರು ಚೆನ್ನಾಗಿ ಕಲಿಸಿದರೆ ಮೂವತ್ತೂ ಮಕ್ಕಳ ಅಂಕ ಒಟ್ಟಿಗೆ ಏರುತ್ತದೆ, ಹುದ್ದೆ ಖಾಲಿಯಿದ್ದರೆ ಒಟ್ಟಿಗೆ ಇಳಿಯುತ್ತದೆ.

ಇದನ್ನು ಅಂಕಿಯಲ್ಲೇ ನೋಡಬಹುದು. 20 ಶಾಲೆಗಳಿಂದ ತಲಾ 30ರಂತೆ 600 ವಿದ್ಯಾರ್ಥಿಗಳ ಮಾದರಿ ತೆಗೆದಿದ್ದೀರಿ ಎನ್ನಿ. ಮಕ್ಕಳ ಅಂಕಗಳಲ್ಲಿ ಕಾಣುವ ಒಟ್ಟು ಏರುಪೇರಿನಲ್ಲಿ ಐದನೇ ಒಂದು ಪಾಲು ಶಾಲೆಯಿಂದ ಶಾಲೆಗೆ ಇರುವ ವ್ಯತ್ಯಾಸದಿಂದ ಬಂದದ್ದು ಎಂದಿಟ್ಟುಕೊಳ್ಳಿ. ಶಾಲಾ ಪರೀಕ್ಷೆಗಳ ಮಟ್ಟಿಗೆ ಇದು ಅಸಹಜವಾದ ಪ್ರಮಾಣವಲ್ಲ. ಆಗ ಒಂದು ಶಾಲೆಯ 30 ಮಕ್ಕಳಲ್ಲಿ ಒಂದು ಕಳೆದು, ಉಳಿದ 29ನ್ನು ಆ ಐದನೇ ಒಂದು ಪಾಲಿನಿಂದ, ಅಂದರೆ 0.2ರಿಂದ ಗುಣಿಸಿ ಒಂದು ಕೂಡಿಸಬೇಕು: 6.8. 600ನ್ನು 6.8ರಿಂದ ಭಾಗಿಸಿದರೆ 88. ನಿಮ್ಮ ಹತ್ತಿರ ಇರುವುದು ಒಬ್ಬರಿಗೊಬ್ಬರು ಸಂಬಂಧವಿಲ್ಲದ 88 ಮಕ್ಕಳಿಂದ ಸಿಗುವಷ್ಟೇ ಮಾಹಿತಿ. ಟಿ-ಪರೀಕ್ಷೆಗೆ ಮಾತ್ರ ಇದು ತಿಳಿಯದು. ನೀವು 600 ಎಂದು ತುಂಬಿಸಿದರೆ ಅದು 600 ಎಂದೇ ನಂಬಿ, ಇಲ್ಲದ ವ್ಯತ್ಯಾಸವನ್ನು ಗಮನಾರ್ಹ ಎಂದು ಘೋಷಿಸಿಬಿಡುತ್ತದೆ. ನಮ್ಮ ಎಷ್ಟೋ ಪ್ರಬಂಧಗಳ ಗಮನಾರ್ಹ ವ್ಯತ್ಯಾಸಗಳನ್ನು ಈ ಒಂದು ಭಾಗಾಕಾರಕ್ಕೆ ಒಡ್ಡಿದರೆ ಉಳಿಯುವುದು ಬಹಳ ಕಡಿಮೆ ಎಂಬ ಗುಮಾನಿ ನನಗಿದೆ.

ಸರಿ, ಅಂಕಿಅಂಶ ಮೊದಲೇ ಇದೆ, ಪ್ರಯೋಗ ಯಾಕೆ, ಬುದ್ಧಿವಂತಿಕೆಯಿಂದ ವಿಶ್ಲೇಷಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅವರಿಗೆ ಕೀನ್ಯಾದ ಒಂದು ಉದಾಹರಣೆ ಇದೆ. ಪಶ್ಚಿಮ ಕೀನ್ಯಾದಲ್ಲಿ ಪಾಠದ ದೊಡ್ಡ ಚಿತ್ರಪಟಗಳು, ಅಂದರೆ ಸ್ಟ್ಯಾಂಡಿಗೆ ಸಿಕ್ಕಿಸಿ ಹಾಳೆ ಮಗುಚುತ್ತ ತೋರಿಸುವ ಫ್ಲಿಪ್ ಚಾರ್ಟ್‌ಗಳು, ಕೆಲವು ಶಾಲೆಗಳಲ್ಲಿ ಮೊದಲೇ ಇದ್ದವು, ಕೆಲವೆಡೆ ಇರಲಿಲ್ಲ. ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಹೋಲಿಸಿ ನೋಡಿದರೆ ಚಾರ್ಟ್‌ಗಳು ಅಂಕಗಳನ್ನು ಪ್ರಮಾಣಿತ ವಿಚಲನೆಯ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆಯ) ಶೇ 20ರಷ್ಟು ಏರಿಸುವಂತೆ ಕಂಡಿತು. ಶಿಕ್ಷಣದ ಲೆಕ್ಕದಲ್ಲಿ ಅದು ದೊಡ್ಡ ಏರಿಕೆ. ಅರ್ಥಶಾಸ್ತ್ರಜ್ಞರಾದ ಪಾಲ್ ಗ್ಲೆವ್, ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು 178 ಶಾಲೆಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಎರಡು ಭಾಗ ಮಾಡಿ ಅರ್ಧಕ್ಕೆ ಚಾರ್ಟ್ ಕೊಟ್ಟು ನೋಡಿದರು. ಅಂಕಗಳಲ್ಲಿ ಏನೂ ಬದಲಾಗಲಿಲ್ಲ. ಚಾರ್ಟ್ ಇದ್ದ ಶಾಲೆಗಳು ಬೇರೆ ಕಾರಣಗಳಿಂದಲೂ ಚೆನ್ನಾಗಿರುವಂಥವೇ ಆಗಿದ್ದಿರಬೇಕು: ಮುತುವರ್ಜಿಯ ಮುಖ್ಯೋಪಾಧ್ಯಾಯರು, ಕೈಯಲ್ಲಿ ಕಾಸಿರುವ ಪೋಷಕರು, ಹೀಗೆ ಯಾವುದೋ ಒಂದು. ಕ್ರೆಮರ್‌ಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೆಯಾದದ್ದು ಈ ಬಗೆಯ ಪ್ರಯೋಗಗಳಿಗಾಗಿಯೇ. ಸ್ಮಾರ್ಟ್ ಬೋರ್ಡ್ ಇರುವ ಶಾಲೆಗಳ ಫಲಿತಾಂಶ ಉತ್ತಮ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಆ ಚಾರ್ಟ್‌ಗಳು ನೆನಪಾಗುತ್ತವೆ.

ನಮ್ಮಲ್ಲೂ ಒಂದು ಹೋಲಿಕೆ ನಡೆಯಿತು. 2021ರ ಡಿಸೆಂಬರಿನಿಂದ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು; ಬೇಡವೆಂದವರಿಗೆ ಬಾಳೆಹಣ್ಣು. ಪರ-ವಿರೋಧದ ಗದ್ದಲ ಎದ್ದಿತು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಡನೆ ಹೋಲಿಸಿ ಅಧ್ಯಯನ ಮಾಡಲಾಯಿತು, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದೆ ಎಂದು ವರದಿ ಬಂತು. ಮೊಟ್ಟೆಯ ವಿಷಯದಲ್ಲಿ ನನಗೆ ತಕರಾರಿಲ್ಲ, ಬೆಳೆಯುವ ಮಕ್ಕಳಿಗೆ ಪ್ರೋಟೀನ್ ಬೇಕೆಂದು ಹೇಳಲು ಸಂಖ್ಯಾಶಾಸ್ತ್ರ ಬೇಕಾಗಿಲ್ಲ. ಆದರೆ ಎಷ್ಟು ಏರಿತು, ಅದರಲ್ಲಿ ಮೊಟ್ಟೆಯ ಪಾಲೆಷ್ಟು ಎಂಬ ಪ್ರಶ್ನೆಗೆ ಈ ವಿನ್ಯಾಸ ಉತ್ತರಿಸಲಾರದು. ಎಷ್ಟು ಸಾವಿರ ಮಕ್ಕಳನ್ನು ತೂಗಿದರೂ ಇಲ್ಲಿರುವ ಪಾತ್ರೆಗಳು ಎರಡೇ: ಒಂದು ಜಿಲ್ಲೆ, ಇನ್ನೊಂದು ಜಿಲ್ಲೆ. ಮನೆಯ ಊಟ, ಕೊರೋನಾ ನಂತರದ ಚೇತರಿಕೆ, ಮೊದಲೇ ಇದ್ದ ತೂಕದ ಅಂತರ ಎಲ್ಲವೂ ಮೊಟ್ಟೆಯ ಖಾತೆಗೇ ಜಮಾ ಆಗುತ್ತವೆ.

ಹಾಗಾದರೆ ಹಸಿದ ಮಕ್ಕಳ ನಡುವೆ ಚೀಟಿ ಎತ್ತಬೇಕೇ ಎಂಬ ಪ್ರಶ್ನೆ ಲ್ಯಾನಾರ್ಕ್‌ಷೈರಿನ ಮೇಷ್ಟ್ರುಗಳನ್ನು ಕಾಡಿದ್ದು ಸಹಜವೇ. ಮೆಕ್ಸಿಕೋ 1997ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಮಕ್ಕಳನ್ನು ಶಾಲೆಗೆ ಕಳಿಸುವ ಬಡ ತಾಯಂದಿರಿಗೆ ಹಣ ಕೊಡುವ ‘ಪ್ರೊಗ್ರೆಸಾ’ ಯೋಜನೆಗೆ ಎಲ್ಲ ಹಳ್ಳಿಗಳನ್ನೂ ಒಮ್ಮೆಗೇ ಸೇರಿಸಲು ಆಗುತ್ತಿರಲಿಲ್ಲ. ಅಧ್ಯಯನಕ್ಕೆಂದು ಆರಿಸಿದ 506 ಹಳ್ಳಿಗಳಲ್ಲಿ ಯಾದೃಚ್ಛಿಕವಾಗಿ 320ಕ್ಕೆ ಮೊದಲು, 186ಕ್ಕೆ ನಂತರ ಹಣ ತಲುಪಿಸಿದರು. ಯಾವ ಹಳ್ಳಿಗೂ ಇಲ್ಲ ಎನ್ನಲಿಲ್ಲ, ಸರದಿಯನ್ನು ಮಾತ್ರ ಚೀಟಿ ನಿರ್ಧರಿಸಿತು. ಆ ನಡುವಿನ ಅವಧಿಯ ಲೆಕ್ಕದಿಂದ ಶಾಲಾ ದಾಖಲಾತಿ, ಅದರಲ್ಲೂ ಪ್ರಾಥಮಿಕ ಮುಗಿಸಿದ ಹುಡುಗಿಯರದು, ಏರಿದ್ದು ಸಂದೇಹಕ್ಕೆಡೆಯಿಲ್ಲದೆ ಗೊತ್ತಾಯಿತು. ಸರ್ಕಾರ ಬದಲಾದಾಗ ಹೆಸರು ಬದಲಾಯಿತು, ಯೋಜನೆ ಬಹುಕಾಲ ಉಳಿಯಿತು.

ನಮ್ಮ ಮೊಟ್ಟೆ 2022ರಲ್ಲಿ ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. ತಾಲ್ಲೂಕುಗಳ ಹೆಸರು ಬರೆದು ಚೀಟಿ ಎತ್ತಿ, ಬಂದ ಸರದಿಯಲ್ಲಿ ಕೊಡುತ್ತ ಹೋಗಿದ್ದರೆ ಕೊನೆಗೆ ಮೊಟ್ಟೆ ಸಿಗುವ ಮಕ್ಕಳು ಅಷ್ಟೇ ಇರುತ್ತಿದ್ದರು. ಅಂಗಿಯ ಸಮೇತವೇ ತೂಗಿದ್ದರೂ, ಎರಡೂ ಕಡೆಯ ಮಕ್ಕಳು ತೊಡುತ್ತಿದ್ದುದು ಒಂದೇ ಬಣ್ಣದ ಸಮವಸ್ತ್ರ.